ಟ್ಯಾಪೆಟ್ ಬಿಗಿಯುತ್ತಿದ್ದ ಭಾನುವಾರಗಳು

ಕಳೆದ ತಿಂಗಳು ನಮ್ಮ ಬೀದಿಯ ಕೊನೆಯ ಮನೆಯವರು ತಮ್ಮ ಹಳೆಯ ಜೀಪನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ರಿಪೇರಿ ಮಾಡಿಸುತ್ತಿದ್ದರು. ನಾನು ಹಾಲಿಗೆ ಹೊರಟಿದ್ದೆ. ಮೆಕ್ಯಾನಿಕ್ ಇಂಜಿನ್ನಿನ ಮೇಲಿನ ತಗಡಿನ ಮುಚ್ಚಳವನ್ನು ಆಗಷ್ಟೇ ಬಿಚ್ಚಿದ್ದ. ಅದರೊಳಗಿಂದ ಬಿಸಿ ಎಣ್ಣೆಯ ವಾಸನೆ ಎದ್ದು ಬಂತು. ಸುಟ್ಟ ಎಣ್ಣೆಯದಲ್ಲ, ಕಾದ ಕಬ್ಬಿಣಕ್ಕೆ ಅಂಟಿಕೊಂಡ ಹೊಸ ಎಣ್ಣೆಯದು. ಸ್ವಲ್ಪ ಸಿಹಿ, ಸ್ವಲ್ಪ ಗಂಟಲಿಗೆ ಹಿಡಿಯುವಂಥದ್ದು. ಹಾಲಿನ ಪಾತ್ರೆ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ.

“ಏನಕ್ಕ, ಗಾಡಿ ಏನಾದ್ರೂ ತೋರ್ಸಬೇಕಿತ್ತಾ?” ಎಂದ ಅವನು.

ಇಲ್ಲಪ್ಪ ಎಂದು ಮುಂದೆ ನಡೆದೆ. ಹಾಲಿನವರ ಮನೆ ದಾಟಿ ಬಹಳ ದೂರ ಹೋದ ಮೇಲೆ ಹಾಲು ತರಲು ಹೊರಟಿದ್ದೆ ಎನ್ನುವುದು ನೆನಪಾಯಿತು.

ಒಂದು ಕಾಲದಲ್ಲಿ ನಂಜನಗೂಡಿನ ನಮ್ಮ ಈ ಮನೆಯಲ್ಲಿ ಪ್ರತಿ ಭಾನುವಾರ ಈ ವಾಸನೆ ಇರುತ್ತಿತ್ತು. ಒಂದು ಕಡೆ ಅಮ್ಮನ ಒಗ್ಗರಣೆ, ಇನ್ನೊಂದು ಕಡೆ ಇದು. ಅತ್ತಿಗೆಯ ಸೀರೆಯ ಸೆರಗಿನಲ್ಲಿ, ಉಗುರಿನ ಸಂದಿಯಲ್ಲಿ, ಎಷ್ಟು ಸೀಗೆಪುಡಿ ಹಾಕಿ ತೊಳೆದರೂ ಹೋಗದೆ ಸೋಮವಾರದವರೆಗೂ ಉಳಿದುಕೊಳ್ಳುತ್ತಿತ್ತು…

ಅತ್ತಿಗೆ ನನ್ನ ಅಣ್ಣನ ಹೆಂಡತಿ. ತವರು ನರಸೀಪುರದ ಹತ್ತಿರದ ಹಳ್ಳಿ. ಭತ್ತ, ಕಬ್ಬು ಬೆಳೆಯುವ ಮನೆತನ. ಗಂಡುಮಕ್ಕಳಿಲ್ಲದ ಮನೆಯಾದ್ದರಿಂದ ಮದುವೆಗೆ ಮುಂಚೆಯೇ ಟ್ರಾಕ್ಟರ್ ಓಡಿಸಿ ಕಬ್ಬು ಸಾಗಿಸಿದ್ದವರು. ಅಣ್ಣ ನಂಜನಗೂಡಿನಲ್ಲಿ ಲೇತ್ ಅಂಗಡಿ ಇಟ್ಟಿದ್ದ. ಪಂಪ್‌ಸೆಟ್ಟು, ಟ್ರಾಕ್ಟರುಗಳ ಇಂಜಿನ್ ಬೋರ್ ಮಾಡುವುದು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸರಿ ಮಾಡುವುದು ಅವನ ಕೆಲಸ. ಅವರ ಮದುವೆ ಗೊತ್ತಾದದ್ದೇ ಹಾಗೆ. ಅತ್ತಿಗೆಯ ಅಪ್ಪ ಟ್ರಾಕ್ಟರಿನ ಇಂಜಿನ್ ತಂದವರು ಅಣ್ಣನ ಕೆಲಸ ಮೆಚ್ಚಿ, ಹಿಂದೆಯೇ ಜಾತಕವನ್ನೂ ತಂದಿದ್ದರು.

ಅಣ್ಣನಿಗೆ ಅಂಗಡಿಯ ಕೆಲಸ ಹೊಟ್ಟೆಪಾಡಿಗೆ. ಮನಸ್ಸೆಲ್ಲ ಇದ್ದದ್ದು ಮನೆಯ ಪಕ್ಕದ ಶೆಡ್ಡಿನಲ್ಲಿದ್ದ ಕಾರಿನ ಮೇಲೆ. ಅಮೆರಿಕದ ಹಳೆಯ ಕಾರು, ಎಂಟು ಸಿಲಿಂಡರಿನದು. ಬನ್ನೂರಿನ ಅಕ್ಕಿ ಗಿರಣಿಯೊಂದರ ಹಿಂದೆ ಬಹಳ ಕಾಲದಿಂದ ನಿಂತಿತ್ತಂತೆ. ಅಣ್ಣ ಅದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದ ದಿನ ಹಿಂದಿನ ಸೀಟಿನಲ್ಲಿ ಕೋಳಿಮೊಟ್ಟೆಗಳಿದ್ದವು. ಅದನ್ನು ತಾನೇ ಕೆತ್ತಿ, ತಿದ್ದಿ, ಓಡುವಂತೆ ಮಾಡಿದ. ಆಮೇಲೆ ಓಡಿದರೆ ಸಾಲದು, ವೇಗವಾಗಿ ಓಡಬೇಕು ಎನ್ನಿಸಿತು. ತಮಿಳುನಾಡಿನ ಗಡಿಯಾಚೆ ಯಾರದೋ ಖಾಸಗಿ ಏರ್‌ಸ್ಟ್ರಿಪ್ಪಿನಲ್ಲಿ ವರ್ಷಕ್ಕೊಮ್ಮೆ ಕಾಲು ಮೈಲಿಯ ಓಟ ನಡೆಯುತ್ತಿತ್ತು. ಎರಡು ಗಾಡಿಗಳನ್ನು ಪಕ್ಕಪಕ್ಕ ನಿಲ್ಲಿಸಿ, ದೀಪ ಹಸಿರಾದ ಕೂಡಲೇ ನೇರ ಗೆರೆಯಲ್ಲಿ ಬಿಡುವುದು. ಅಷ್ಟೇ ಆಟ. ಅದಕ್ಕಾಗಿ ಅಣ್ಣ ವರ್ಷವಿಡೀ ದುಡಿಯುತ್ತಿದ್ದ.

ಕೊನೆಯ ವರ್ಷ ಅವನು ಹೊರದೇಶದಿಂದ ಒಂದು ಕ್ಯಾಮ್ ಶಾಫ್ಟ್ ತರಿಸಿದ. ಅದರ ಜೊತೆಗೆ ಚಕ್ರವಿದ್ದ ಟ್ಯಾಪೆಟ್ಟುಗಳು. ಸಾಲಿಡ್ ರೋಲರ್ ಎಂದು ಅವುಗಳ ಹೆಸರು. ಊಟದ ಹೊತ್ತಿನಲ್ಲಿ ಲಟ್ಟಣಿಗೆ ಹಿಡಿದು ನಮಗೆಲ್ಲ ವಿವರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಮ್ ಎಂದರೆ ಮೈಮೇಲೆ ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ಕೋಲು. ಅದು ತಿರುಗಿದ ಹಾಗೆ ಉಬ್ಬುಗಳು ಟ್ಯಾಪೆಟ್ಟನ್ನು ಎತ್ತುತ್ತವೆ, ಟ್ಯಾಪೆಟ್ಟು ವಾಲ್ವನ್ನು ತೆರೆಯುತ್ತದೆ, ಇಂಜಿನ್ ಉಸಿರೆಳೆದುಕೊಳ್ಳುತ್ತದೆ. ಸಾಮಾನ್ಯ ಟ್ಯಾಪೆಟ್ಟು ಉಬ್ಬಿನ ಮೇಲೆ ಜಾರಿಕೊಂಡು ಹೋಗಬೇಕು. ಆದ್ದರಿಂದ ಉಬ್ಬು ತೀರಾ ಕಡಿದಾಗಿರುವ ಹಾಗಿಲ್ಲ. ಬುಡದಲ್ಲಿ ಚಕ್ರವಿದ್ದರೆ ಎಂಥ ಏರನ್ನೂ ಉರುಳಿಕೊಂಡು ಹತ್ತುತ್ತದೆ. ವಾಲ್ವ್ ಬೇಗ ತೆರೆದು, ಹೆಚ್ಚು ಹೊತ್ತು ತೆರೆದೇ ಇರುತ್ತದೆ.

“ಇಷ್ಟು ದಿನ ಮೂಗು ಮುಚ್ಕೊಂಡು ಓಡ್ತಿತ್ತು. ಇನ್ಮೇಲೆ ಬಾಯಿ ತುಂಬಾ ಉಸಿರು ತಗೊಂಡು ಓಡ್ತದೆ” ಎಂದು ನಕ್ಕಿದ್ದ. ಅತ್ತಿಗೆ ಅವನ ಕೈಯಿಂದ ಲಟ್ಟಣಿಗೆ ಕಿತ್ತುಕೊಂಡು ಚಪಾತಿ ಮುಂದುವರಿಸಿದ್ದರು.

ಆ ಕ್ಯಾಮನ್ನು ಇಂಜಿನ್ನಿಗೆ ಹಾಕುವುದಕ್ಕೆ ಅಣ್ಣ ಉಳಿಯಲಿಲ್ಲ. ಇಂಜಿನ್ನನ್ನು ಪೂರ್ತಿ ಬಿಚ್ಚಿ, ತೊಳೆದು, ಬೋರ್ ಮಾಡಿ ಶೆಡ್ಡಿನಲ್ಲಿ ಸ್ಟ್ಯಾಂಡಿಗೆ ಏರಿಸಿದ್ದ. ಒಂದು ಬೆಳಿಗ್ಗೆ ಅಂಗಡಿಯಲ್ಲಿ ಲೇತ್ ಮುಂದೆ ನಿಂತವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನಾಗ ಗಂಡನ ಮನೆ ಬಿಟ್ಟು ಬಂದು ಅಮ್ಮನ ಜೊತೆಯಲ್ಲಿದ್ದೆ. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಯಾರ ಜೊತೆಗೂ ಹೆಚ್ಚು ಮಾತಿರಲಿಲ್ಲ. ಅಣ್ಣ ಹೋದ ಮೇಲೆ ಮನೆಯಲ್ಲಿ ಉಳಿದವರು ನಾವು ಮೂವರು ಹೆಂಗಸರು. ಸಂಜೆ ದೀಪ ಹಚ್ಚಿದ ಮೇಲೆ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿ. ಪಾತ್ರೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ತಿಥಿ ಮುಗಿದ ಮೇಲೆ ಅತ್ತಿಗೆಯ ಅಪ್ಪ ಜಗಲಿಯ ಮೇಲೆ ಕುಳಿತು ಮಗಳನ್ನು ಕರೆದರು.

“ಬಾ ಮಗಾ, ಊರ್ಗೆ ಓಗಣ. ಇಲ್ಲಿದ್ಕಂಡು ಏನ್ ಮಾಡೀಯೆ?”

ಅತ್ತಿಗೆ ಕಂಬಕ್ಕೆ ಒರಗಿ ನಿಂತಿದ್ದರು. ಅಷ್ಟು ದಿನಗಳಲ್ಲಿ ಅವರು ಆಡಿದ ಮೊದಲ ಪೂರ್ತಿ ಮಾತು ಅದೇ ಇರಬೇಕು.

“ಇಂಜಿನ್ ಬಿಚ್ಚಿ ಮಡಗವ್ರೆ ಅಪ್ಪ. ಜೋಡಿಸ್ಬುಟ್ಟು ಬತ್ತೀನಿ.”

ಮುದುಕರು ಎದ್ದು ಶೆಡ್ಡಿಗೆ ಹೋಗಿ ನೋಡಿದರು. ಸ್ಟ್ಯಾಂಡಿನ ಮೇಲೆ ಬರಿದಾಗಿ ನಿಂತ ಇಂಜಿನ್, ಹಳೆಯ ಸೀರೆ ಹೊದಿಸಿದ ತಟ್ಟೆಗಳಲ್ಲಿ ಸಾಲಾಗಿ ಜೋಡಿಸಿದ ಬಿಡಿಭಾಗಗಳು. ಅವರು ಜೀವನವೆಲ್ಲ ಪಂಪು ಟ್ರಾಕ್ಟರು ಇಟ್ಟುಕೊಂಡವರು. ಬಿಚ್ಚಿದ ಇಂಜಿನ್ನನ್ನು ಹಾಗೇ ಬಿಟ್ಟು ಬಾ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

“ಆಯ್ತು. ಜೋಡ್ಸು. ಆಮ್ಯಾಕೆ ಬಂದು ಕರ್ಕೊಂಡೋಯ್ತೀನಿ” ಎಂದರು.

ಆ ದಿನದಿಂದ ನನಗೊಂದು ಭಯ ಹುಟ್ಟಿಕೊಂಡಿತು. ಅದನ್ನು ಯಾರ ಮುಂದೆಯೂ ಹೇಳಲಿಲ್ಲ. ಇಂಜಿನ್ ಮುಗಿದರೆ ಅತ್ತಿಗೆ ಹೊರಟುಹೋಗುತ್ತಾರೆ.

ಅಣ್ಣನ ಜೊತೆ ಓಟಕ್ಕೆ ಹೋಗುತ್ತಿದ್ದ ಮೈಸೂರಿನ ಗೆಳೆಯರೊಬ್ಬರಿದ್ದರು. ಕಾರನ್ನು ತಮಗೆ ಮಾರುತ್ತೀರಾ ಎಂದು ಕೇಳಲು ಬಂದವರು ಅತ್ತಿಗೆಯ ಮುಖ ನೋಡಿ ಆ ಮಾತು ಬಿಟ್ಟರು. ಬದಲಿಗೆ ಬಿಡುವಾದಾಗಲೆಲ್ಲ ಬಂದು ಕೈಜೋಡಿಸಿದರು. ಅತ್ತಿಗೆಗೆ ಕೆಲಸ ತೀರಾ ಹೊಸದಾಗಿರಲಿಲ್ಲ. ಮದುವೆಯಾದಂದಿನಿಂದ ಅಣ್ಣನ ಎದುರು ನಿಂತು ಬೋಲ್ಟು ಕೊಟ್ಟವರು, ಬಿಗಿ ಅಳೆಯುವ ಸ್ಪ್ಯಾನರ್ ಹಿಡಿದವರು. ಗೊತ್ತಿಲ್ಲದ್ದನ್ನು ಕೇಳಲು ಅವರಿಗೆ ಸಂಕೋಚವಿರಲಿಲ್ಲ. ಒಂದೊಂದು ಭಾಗ ಕೂರಿಸುವಾಗಲೂ ಫೋನಿನಲ್ಲಿ ಗೆಳೆಯರನ್ನು ಹಿಡಿದು ಕೇಳುತ್ತಿದ್ದರು. ತಪ್ಪಿದರೆ ಬಿಚ್ಚಿ ಮತ್ತೆ ಕೂರಿಸುತ್ತಿದ್ದರು.

ಆ ಕ್ಯಾಮ್ ಮಾತ್ರ ಬೇಡವೆಂದು ಗೆಳೆಯರು ತುಂಬ ಹೇಳಿದರು.

“ಇದು ರೋಡಿಗಲ್ಲ ಕಣಮ್ಮ. ಕಾಲು ಮೈಲಿ ಓಡಿ ನಿಲ್ಸೋಕೆ ಮಾಡಿರೋದು. ಈ ಚಕ್ರ ಇದೆಯಲ್ಲ, ಇದರ ಅಚ್ಚಿನ ಸುತ್ತ ಸೂಜಿ ಥರದ ಬೇರಿಂಗ್ ಇದೆ. ಮೇಲಿಂದ ಸ್ಪ್ರಿಂಗು ಅಷ್ಟು ಜೋರಾಗಿ ಒತ್ತುತ್ತೆ. ಇಂಜಿನ್ ಜೋರಾಗಿ ತಿರುಗಿದ್ರೆ ಕೆಳಗಿಂದ ಎಣ್ಣೆ ಚಿಮ್ಮಿ ಅದಕ್ಕೆ ಸಿಗುತ್ತೆ. ಸ್ಲೋನಲ್ಲಿ ಬಿಟ್ರೆ ಸಿಗಲ್ಲ. ಟ್ರಾಫಿಕ್ಕಲ್ಲಿ ನಿಂತು ನಿಂತೇ ಸತ್ತೋಗುತ್ತೆ. ಆಗಾಗ ಬಿಚ್ಚಿ ಟ್ಯಾಪೆಟ್ ಗ್ಯಾಪ್ ನೋಡ್ತಾನೇ ಇರಬೇಕು. ಮಗು ಸಾಕಿದ ಹಾಗೆ.”

“ಸಾಕ್ತೀನಿ ಬುಡಿ” ಎಂದರು ಅತ್ತಿಗೆ.

ಮಕ್ಕಳಿಲ್ಲದ ಹೆಂಗಸಿನ ಮುಂದೆ ಆಡಿದ ಮಾತಿಗೆ ಗೆಳೆಯರು ನಾಲಗೆ ಕಚ್ಚಿಕೊಂಡರು. ಅತ್ತಿಗೆ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಬಾಗಿಲ ಹಿಂದೆ ನೆಟ್ಟಗೆ ನಿಲ್ಲಿಸಿದ್ದ ಕ್ಯಾಮನ್ನು ಎರಡೂ ಕೈಯಲ್ಲಿ ಎತ್ತಿ ತಂದರು. ಅಣ್ಣ ಬಿಟ್ಟು ಹೋದ ದಿನದಿಂದ ಅದಕ್ಕೆ ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತ ಬಂದಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

ಅಮ್ಮನಿಗೆ ಮೊದಮೊದಲು ಇದು ಹಿಡಿಸಲಿಲ್ಲ. “ಗಂಡ ಓದ್ಮೇಲೆ ಗ್ಯಾರೇಜ್ ಇಕ್ಕವ್ಳೆ ಅಂತಾರೆ ಜನ” ಎಂದು ಗೊಣಗುತ್ತಿದ್ದಳು. ಗೊಣಗುತ್ತಲೇ ಕಾಫಿ ಲೋಟ ಹಿಡಿದು ಶೆಡ್ಡಿನವರೆಗೂ ಬರುತ್ತಿದ್ದಳು. ಆಮೇಲೆ ಅಲ್ಲೇ ಒಂದು ಮಣೆ ಹಾಕಿಸಿಕೊಂಡು ಅವರೆಕಾಳು ಸುಲಿಯುತ್ತ ಕೂರತೊಡಗಿದಳು. ಮಗನ ಸಾಮಾನುಗಳ ನಡುವೆ ಕೂತರೆ ಅವಳಿಗೂ ಏನೋ ಸಮಾಧಾನ ಸಿಗುತ್ತಿತ್ತು ಅಂತ ಕಾಣುತ್ತದೆ.

ಇಂಜಿನ್ ಮೊದಲ ಸಲ ಹತ್ತಿಕೊಂಡ ಬೆಳಿಗ್ಗೆ ಮೈಸೂರಿನ ಗೆಳೆಯರೂ ಇದ್ದರು. ಅಮ್ಮ ಬಾನೆಟ್ಟಿಗೆ ಕುಂಕುಮ ಇಟ್ಟಳು. ಅತ್ತಿಗೆ ಕೀ ತಿರುಗಿಸಿದರು. ಶೆಡ್ಡಿನ ತಗಡೆಲ್ಲ ನಡುಗಿ, ಪಾರಿವಾಳಗಳು ಹಾರಿಹೋದವು. ಇಂಜಿನ್ನಿನ ಭಾರಿ ಗುಡುಗಿನ ಮೇಲೆ ಇನ್ನೊಂದು ಸದ್ದು, ಹೊಲಿಗೆ ಮೆಷಿನ್ನುಗಳು ಒಟ್ಟಿಗೆ ಓಡಿದ ಹಾಗೆ ಟಿಕಟಿಕ ಎನ್ನುವ ಸದ್ದು. ಆ ಟ್ಯಾಪೆಟ್ಟುಗಳ ಗುಣವೇ ಅದು. ಗ್ಯಾಪ್ ಬಿಟ್ಟೇ ಕೂರಿಸಬೇಕು, ಆದ್ದರಿಂದ ಸದ್ದು ಮಾಡಿಯೇ ತೀರುತ್ತವೆ. ಅತ್ತಿಗೆ ಆಕ್ಸಿಲರೇಟರ್ ಒತ್ತಿ ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನೊಬ್ಬಳೇ, ಸಂತೋಷಪಡಬೇಕಾದವಳು, ಗೋಡೆಗೆ ಒರಗಿಕೊಂಡು ಇನ್ನೇನು ಮುಗಿಯಿತು ಎಂದುಕೊಳ್ಳುತ್ತಿದ್ದೆ.

ಸಂಜೆ ಅವರ ಅಪ್ಪನ ಫೋನ್ ಬಂತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ.

“ಹೂಂ ಅಪ್ಪ, ಆಯ್ತು. ಹತ್ಕಂತು… ಇಲ್ಲ ಕಣಪ್ಪ, ಈಗ ಬರಕ್ಕಾಗಲ್ಲ. ಇದ್ರದ್ದು ಟ್ಯಾಪೆಟ್ ನೋಡ್ತಾನೇ ಇರ್ಬೇಕಂತೆ. ಬುಟ್ಬುಟ್ಟು ಬರಂಗಿಲ್ಲ.”

ಫೋನ್ ಇಟ್ಟು ತಿರುಗಿದವರು ನನ್ನನ್ನು ನೋಡಿದರು.

ಹೀಗೆ ಆ ಭಾನುವಾರಗಳು ಶುರುವಾದವು. ತಿಂಡಿ ಮುಗಿಸಿ ಕಾರನ್ನು ಹೆಡತಲೆ ಊರಿನ ಕಡೆ ಒಂದು ಸುತ್ತು ಓಡಿಸಿಕೊಂಡು ಬರುತ್ತಿದ್ದೆವು. ಇಂಜಿನ್ ಬಿಸಿಯಾಗಿರುವಾಗಲೇ ಗ್ಯಾಪ್ ನೋಡಬೇಕು. ಶೆಡ್ಡಿಗೆ ಬಂದ ಕೂಡಲೇ ಅತ್ತಿಗೆ ಮೇಲಿನ ಮುಚ್ಚಳಗಳನ್ನು ಬಿಚ್ಚುತ್ತಿದ್ದರು, ಆ ವಾಸನೆ ಏಳುತ್ತಿತ್ತು. ನನ್ನ ಕೆಲಸ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಉದ್ದನೆಯ ಸ್ಪ್ಯಾನರಿನಿಂದ ಇಂಜಿನ್ನನ್ನು ಕೈಯಲ್ಲೇ ತಿರುಗಿಸುವುದು.

“ತಿರುಗ್ಸು… ಇನ್ನೊಸಿ… ನಿಲ್ಸು.”

ಆಗ ಅವರು ಗ್ಯಾಪ್ ಅಳೆಯುವ ಫೀಲರ್ ಗೇಜಿನ ತೆಳು ಉಕ್ಕಿನ ಎಲೆಯೊಂದನ್ನು ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವೆ ತೂರಿಸಿ ಎಳೆದು ನೋಡುತ್ತಿದ್ದರು. ಸಡಿಲವಾಗಿದ್ದರೆ ತಿರುಪು ಬಿಗಿದು, ಬಿಗಿಯಾಗಿದ್ದರೆ ಬಿಟ್ಟು, ಲಾಕ್ ಮಾಡಿ, ಮತ್ತೊಮ್ಮೆ ಎಳೆದು ನೋಡಿ ಮುಂದಿನದಕ್ಕೆ. ಒಂದು ಸಲ ನನ್ನ ಕೈಯಲ್ಲಿ ಎಳೆಸಿದರು. ಹೊಸ ಸೀರೆಯ ಮಡಿಕೆಯೊಳಗಿನ ಕಾಗದ ಎಳೆದ ಹಾಗಿತ್ತು; ಬರುತ್ತದೆ, ಆದರೆ ಸುಮ್ಮನೆ ಬರುವುದಿಲ್ಲ.

“ಹಂಗೇ ಇರ್ಬೇಕು ಕೂಸೆ. ಇದ್ಕಿಂತ ಬಿಗಿಯಾದ್ರೆ ವಾಲ್ವು ಸುಡ್ತದೆ. ಸಡಿಲ ಆದ್ರೆ ಬಡ್ಕಂಡು ಬಡ್ಕಂಡು ಮುರೀತದೆ.”

ನನ್ನ ಮದುವೆಯ ವಿಷಯ ನಾನು ಮೊದಲ ಸಲ ಬಾಯಿಬಿಟ್ಟು ಹೇಳಿದ್ದು ಅಲ್ಲಿ. ಅಮ್ಮನಿಗೂ ಪೂರ್ತಿ ಹೇಳಿರಲಿಲ್ಲ. ಅತ್ತಿಗೆ ಒಂದು ಬದಿಯ ವಾಲ್ವುಗಳ ಮೇಲೆ ಬಾಗಿದ್ದರು, ನಾನು ಕೆಳಗೆ ಕೂತಿದ್ದೆ, ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ನಾನಿದ್ದೇನೆ ಎಂಬಂತೆ ಯಾರೂ ನಡೆದುಕೊಳ್ಳಲಿಲ್ಲ, ನನ್ನ ಗಂಡನೂ ಸಹ. ಅದನ್ನು ತಪ್ಪು ಎಂದು ಯಾರ ಮುಂದೆ ಹೇಳುವುದು? ಇಷ್ಟನ್ನು ನಿಲ್ಲಿಸಿ ನಿಲ್ಲಿಸಿ ಹೇಳಿದೆ. ಮುಗಿದ ಮೇಲೆ ಅತ್ತಿಗೆ ಕೈಯಲ್ಲಿದ್ದ ತಿರುಪನ್ನು ಲಾಕ್ ಮಾಡಿ, “ಒಳ್ಳೇದ್ ಮಾಡ್ದೆ ಬಂದು” ಎಂದರು. ಆಮೇಲೆ, “ತಿರುಗ್ಸು.”

ಆ ಕಾರನ್ನು ಊರಿನಲ್ಲಿ ಓಡಿಸುವುದೊಂದು ಪಾಡು. ಮೈಸೂರಿಗೆ ಹೊರಟರೆ ತಾಂಡವಪುರದ ಹತ್ತಿರ ರೈಲ್ವೆ ಗೇಟು ಬಿದ್ದಿರುತ್ತಿತ್ತು. ನಿಂತ ಗಾಡಿಗಳ ಸಾಲಿನಲ್ಲಿ ಅತ್ತಿಗೆ ಒಂದೋ ಇಂಜಿನ್ ಆರಿಸಬೇಕು, ಇಲ್ಲವೇ ಆಕ್ಸಿಲರೇಟರ್ ಒತ್ತಿ ಹಿಡಿದಿರಬೇಕು. ಬಿಸಿಯಾದ ಮೇಲೆ ಆರಿಸಿದರೆ ಮತ್ತೆ ಹತ್ತಿಕೊಳ್ಳಲು ಹಟ ಮಾಡುತ್ತಿತ್ತಾದ್ದರಿಂದ ಹೆಚ್ಚಾಗಿ ಒತ್ತಿಯೇ ಹಿಡಿಯುತ್ತಿದ್ದರು. ಒಮ್ಮೆ ಸ್ಕೂಟರಿನವರೊಬ್ಬರು ಕಿವಿ ಮುಚ್ಚಿಕೊಂಡು ಕಿಟಕಿಯ ಬಳಿ ಬಂದರು.

“ಏನ್ ತಾಯಿ ಇದು, ಒಸಿ ಸ್ಲೋ ಮಾಡ್ಬಾರ್ದಾ?”

“ಸ್ಲೋ ಮಾಡಿದ್ರೆ ಸಾಯ್ತದೆ ಸಾ” ಎಂದರು ಅತ್ತಿಗೆ, ಅಷ್ಟೇ ಗಂಭೀರವಾಗಿ. ಅವರು ಕಾರನ್ನೂ ಅತ್ತಿಗೆಯನ್ನೂ ನೋಡಿ ಸುಮ್ಮನೆ ಹಿಂದಕ್ಕೆ ಹೋದರು. ಅಣ್ಣ ಹೋದ ಮೇಲೆ ಅತ್ತಿಗೆ ಗಟ್ಟಿಯಾಗಿ ನಕ್ಕದ್ದನ್ನು ಅಂದು ನೋಡಿದೆ. ಗೇಟು ತೆಗೆದರೂ ನಗುತ್ತಲೇ ಇದ್ದರು.

ಓಟದ ದಿನ ನಾವು ಮೂವರು ಹೋದೆವು: ಅತ್ತಿಗೆ, ನಾನು, ಮೈಸೂರಿನ ಗೆಳೆಯರು. ಕಾರನ್ನು ಲಾರಿಯ ಮೇಲೆ ಏರಿಸಿ ಸಾಗಿಸಿದ್ದೆವು. ಸುತ್ತ ಬಯಲು, ನಡುವೆ ಬಿಸಿಲಿಗೆ ಹೊಳೆಯುವ ಉದ್ದನೆಯ ಟಾರು. ಅಲ್ಲಿದ್ದವರೆಲ್ಲ ಹೊಸ ಹೊಸ ಕಾರುಗಳನ್ನು ತಂದ ಹುಡುಗರು. ನಮ್ಮ ಮಾಸಿದ ಹಸಿರು ಕಾರಿನ ಸುತ್ತ ಜನ ಕೂಡಿದರು. ಚೂಡಿದಾರಿನ ಮೇಲೆ ಅಣ್ಣನ ಜರ್ಕಿನ್ ಹಾಕಿಕೊಂಡು ಹೆಲ್ಮೆಟ್ ಹಿಡಿದು ನಿಂತ ಅತ್ತಿಗೆಯನ್ನು ನೋಡಿ ಅವರಲ್ಲಿ ಕೆಲವರು ನಕ್ಕರು, ಕೆಲವರು ನಮಸ್ಕಾರ ಮಾಡಿದರು.

ಗೆರೆಯ ಹತ್ತಿರ ಹೋಗುವ ಮುಂಚೆ ಅವರ ಕೈ ಹಿಡಿದು ನೋಡಿದೆ. ತಣ್ಣಗಿತ್ತು.

“ಬೇಡ ಅನ್ಸಿದ್ರೆ ಬೇಡ ಅತ್ತಿಗೆ.”

“ನಿಮ್ಮಣ್ಣ ಯೋಳ್ತಿದ್ರು, ಕೊನೇಲಿ ಕಿವಿಗೆ ಏನೂ ಕೇಳ್ಸದೇ ಇಲ್ಲ, ಎಲ್ಲಾ ನಿಂತೋದಂಗೆ ಆಯ್ತದೆ ಅಂತ. ಅದೊಂದ್ ನೋಡ್ಬುಟ್ಟು ಬತ್ತೀನಿ.”

ದೀಪ ಹಸಿರಾಯಿತು. ಪಕ್ಕದ ಪುಟ್ಟ ಬಿಳಿ ಕಾರು ಮೊದಲೇ ಮುಂದಕ್ಕೆ ಹಾರಿತು. ನಮ್ಮದು ಹಿಂದಿನ ಚಕ್ರಗಳಿಂದ ಹೊಗೆ ಎಬ್ಬಿಸಿ, ಬಾಲ ಕೆಳಗೆ ಮಾಡಿ, ಎದ್ದು ನಿಂತ ಹಾಗೆ ಹೊರಟಿತು. ಆ ಸದ್ದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಪ್ರತಿ ಗೇರಿನಲ್ಲೂ ಅದು ಕಿರುಚುವಷ್ಟು ಏರಿ, ಇಳಿದು, ಮತ್ತೆ ಏರಿ, ದೂರವಾಗಿ… ಬಿಳಿ ಕಾರೇ ಗೆದ್ದಿತು. ಸ್ವಲ್ಪದರಲ್ಲಿ. ನಾನು ಅದನ್ನು ನೋಡಲೂ ಇಲ್ಲ.

ಬಿಳಿ ಕಾರು ತಿರುಗಿ ಬಂತು. ಅತ್ತಿಗೆ ಬರಲಿಲ್ಲ. ಟಾರಿನ ಆ ತುದಿಯಲ್ಲಿ ಕಾರು ನಿಂತೇ ಇತ್ತು. ಅಲ್ಲಿದ್ದವರ ಬೈಕೊಂದರಲ್ಲಿ ಗೆಳೆಯರ ಹಿಂದೆ ಕೂತು ಹೋದೆ. ಅತ್ತಿಗೆ ಸ್ಟೇರಿಂಗ್ ಹಿಡಿದು ಹೆಲ್ಮೆಟ್ಟಿನಲ್ಲೇ ಕೂತಿದ್ದರು. ಅಳುತ್ತಿದ್ದಾರೆಂದು ತಿಳಿದದ್ದು ಅದರ ಗಾಜು ಎತ್ತಿದ ಮೇಲೆ. ಆಗಲೂ ಅವರ ಕಾಲು ಮಾತ್ರ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿ ಹಿಡಿದಿತ್ತು, ಇಂಜಿನ್ ಸ್ಲೋ ಆಗದ ಹಾಗೆ.

“ಸುಳ್ಳು ಕಣೆ” ಎಂದರು. “ಏನೂ ನಿಲ್ನಿಲ್ಲ. ಎಲ್ಲಾ ಕೇಳ್ಸ್ತು. ಒಂದೊಂದು ಟ್ಯಾಪೆಟ್ಟೂ ಕೇಳ್ಸ್ತು.”

ಆ ವರ್ಷ, ಮುಂದಿನ ವರ್ಷ ನಾವು ಚೆನ್ನಾಗಿದ್ದೆವು ಎಂದು ಈಗ ಅನ್ನಿಸುತ್ತದೆ. ಆಗ ಹಾಗೆ ಅನ್ನಿಸಿರಲಿಲ್ಲ. ಅತ್ತಿಗೆ ಅಂಗಡಿಯ ಬೀಗ ತೆಗೆಸಿ, ಹಳೆಯ ಕೆಲಸಗಾರರನ್ನು ಕರೆಸಿ, ಮತ್ತೆ ಇಂಜಿನ್ ಬೋರ್ ಮಾಡಿಸತೊಡಗಿದರು. ಅಮ್ಮ ಅವರನ್ನು ಮಗಳೇ ಎಂದು ಕರೆಯುತ್ತಿದ್ದಳು, ನನ್ನನ್ನು ಹೆಸರು ಹಿಡಿದು.

ಆಮೇಲೆ ನರಸೀಪುರದಲ್ಲಿ ಅವರ ಅಪ್ಪನಿಗೆ ಲಕ್ವ ಹೊಡೆಯಿತು. ಒಂದು ಬದಿ ಬಿದ್ದುಹೋಯಿತು. ತಾಯಿಯಿಲ್ಲದ ಮನೆ, ನೋಡಿಕೊಳ್ಳುವವರು ಯಾರೂ ಇರಲಿಲ್ಲ. ಅತ್ತಿಗೆ ವಾರದ ನಡುವೆ ಅಲ್ಲಿ, ಭಾನುವಾರಕ್ಕೆ ಇಲ್ಲಿ ಎಂದು ಓಡಾಡತೊಡಗಿದರು. ಅಪ್ಪನನ್ನು ಮೈಸೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದಾಗಲೆಲ್ಲ ಅದೇ ಕಾರು; ಅದರ ಹಿಂದಿನ ಸೀಟಿನಲ್ಲಿ ಅವರನ್ನು ಉದ್ದಕ್ಕೆ ಮಲಗಿಸಬಹುದಿತ್ತು. ಸಿಗ್ನಲ್ಲುಗಳಲ್ಲಿ ನಿಂತು, ಬಸ್ಸುಗಳ ಹಿಂದೆ ತೆವಳಿ, ಅಪ್ಪನಿಗೆ ಸದ್ದಾಗಬಾರದೆಂದು ಆಕ್ಸಿಲರೇಟರ್ ಬಿಟ್ಟು… ಆ ಇಂಜಿನ್ನಿಗೆ ಯಾವುದು ಆಗಬಾರದೋ ಅದೆಲ್ಲ ಆಯಿತು.

ಒಂದು ಭಾನುವಾರ ಅತ್ತಿಗೆ ಒಂದೇ ವಾಲ್ವಿನ ಮೇಲೆ ಬಹಳ ಹೊತ್ತು ನಿಂತರು.

“ಯಾಕೆ ಅತ್ತಿಗೆ?”

“ಇದೊಂದು ಸಡಿಲ ಆಗದೆ. ಓದ್ವಾರ ಬಿಗಿದಿದ್ದೆ.”

ಲಾಕ್ ಸಡಿಲಾಗಿತ್ತೇನೋ ಎಂದು ಬಿಗಿದರು. ಮುಂದಿನ ಭಾನುವಾರ ಅದೇ ವಾಲ್ವು, ಇನ್ನೂ ಸಡಿಲ. ಅತ್ತಿಗೆ ಫೀಲರ್ ಗೇಜನ್ನು ಮಡಚಿ ಕೆಳಗಿಟ್ಟರು. ಅದರ ಅರ್ಥ ನನಗೂ ಅಷ್ಟು ಹೊತ್ತಿಗೆ ಗೊತ್ತಿತ್ತು. ಗ್ಯಾಪ್ ಒಂದೇ ಸಮನೆ ಬೆಳೆಯುತ್ತಿದೆಯೆಂದರೆ ಕೆಳಗೆ ಏನೋ ಸವೆಯುತ್ತಿದೆ. ಗೆಳೆಯರನ್ನು ಕರೆಸಿ ಇಂಜಿನ್ನಿನ ನಡುವೆ ಬಿಚ್ಚಿ ಆ ಟ್ಯಾಪೆಟ್ಟನ್ನು ಹೊರತೆಗೆದರು. ಪುಟ್ಟ ಚಕ್ರ ಅಚ್ಚಿನ ಮೇಲೆ ಹಲ್ಲು ಸಡಿಲಾದ ಹಾಗೆ ಅಲುಗಾಡುತ್ತಿತ್ತು. ಇನ್ನೊಂದೆರಡು ಸಲ ಓಡಿಸಿದ್ದರೆ ಸೂಜಿಗಳು ಉದುರಿ ಎಣ್ಣೆಯೊಳಗೆ ಸೇರಿ ಇಂಜಿನ್ನೆಲ್ಲ ಹಾಳಾಗುತ್ತಿತ್ತು ಎಂದರು ಅವರು.

“ಹೊಸ ಟ್ಯಾಪೆಟ್ ತರಿಸಬಹುದು. ಆದ್ರೆ ಆಸ್ಪತ್ರೆಗೆ ಓಡಾಡೋ ಗಾಡಿಗೆ ಇದು ಮತ್ತೆ ಹಿಂಗೇ ಆಗೋದು. ಮಾಮೂಲಿ ಕ್ಯಾಮ್, ಎಣ್ಣೆಯಿಂದ ತಾನೇ ಗ್ಯಾಪ್ ತುಂಬ್ಕೊಳ್ಳೋ ಟ್ಯಾಪೆಟ್ಟು ಹಾಕಿಬಿಡಿ. ಬಿಚ್ಚೋ ತಾಪತ್ರಯವೇ ಇರಲ್ಲ.”

ಅತ್ತಿಗೆ ಆ ಟ್ಯಾಪೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಚಕ್ರವನ್ನು ಬೆರಳಲ್ಲಿ ತಿರುಗಿಸುತ್ತ ಕೂತರು. ಬೇಡ ಎನ್ನಲಿ ಎಂದು ನಾನು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

“ಹಂಗೇ ಮಾಡಿ” ಎಂದರು. ಆಮೇಲೆ ನನ್ನ ಕಡೆ ತಿರುಗಿ, ಮೆಲ್ಲಗೆ, “ಅಪ್ಪಂಗೆ ನಿಧಾನಕ್ಕೆ ಓಗೋ ಗಾಡಿ ಬೇಕು ಕೂಸೆ” ಎಂದರು.

ಅಣ್ಣನ ಕ್ಯಾಮನ್ನು ಗೆಳೆಯರು ತಮ್ಮ ಓಟದ ಕಾರಿಗೆಂದು ತೆಗೆದುಕೊಂಡು ಹೋದರು. ಹೊಸದನ್ನು ಹಾಕಿ ಇಂಜಿನ್ ಶುರು ಮಾಡಿದಾಗ ಆ ಹೊಲಿಗೆ ಮೆಷಿನ್ನಿನ ಸದ್ದು ಇರಲಿಲ್ಲ. ಸ್ಲೋನಲ್ಲಿ ಬಿಟ್ಟರೂ ಎಮ್ಮೆ ಮೆಲುಕು ಹಾಕಿದ ಹಾಗೆ ತನ್ನಷ್ಟಕ್ಕೆ ಓಡುತ್ತಿತ್ತು. ಅಂಗಡಿಯನ್ನು ಕೆಲಸಗಾರರಿಗೇ ವಹಿಸಿ ಅತ್ತಿಗೆ ನರಸೀಪುರಕ್ಕೆ ಹೊರಟರು. ಅಮ್ಮ ಡಬ್ಬಿ ತುಂಬ ಚಕ್ಕುಲಿ ಕಟ್ಟಿಕೊಟ್ಟಳು. “ಬತ್ತಾ ಇರ್ತೀನಿ” ಎಂದರು. ಬರುತ್ತಲೂ ಇದ್ದರು, ಮೊದಮೊದಲು.

ಒಂದು ಮಧ್ಯಾಹ್ನ ನಾನು ಲ್ಯಾಬಿನಲ್ಲಿದ್ದಾಗ ಫೋನ್ ಮಾಡಿದರು.

“ಅಪ್ಪ ಒಂದೇ ಹಟ ಇಡ್ದವ್ರೆ ಕೂಸೆ. ಕಣ್ಮುಚ್ಚೋದ್ರೊಳ್ಗೆ ನಂಗೊಂದು ಮನೆ ಮಾಡ್ಬೇಕಂತೆ. ಬನ್ನೂರ್ ಕಡೆಯೋರು. ಅವ್ರ ಮೊದಲ್ನೇ ಹೆಂಡ್ತಿ ತೀರೋಗವ್ರೆ. ಒಳ್ಳೆಯೋರ್ ಥರ ಕಾಣ್ತಾರೆ… ನೀನೇನಂತೀಯಾ?”

ಫೋನಿನಲ್ಲಿ ಅವರ ಉಸಿರು ಕೇಳಿಸುತ್ತಿತ್ತು. ಅವರು ನಿಜವಾಗಿ ನನ್ನ ಒಪ್ಪಿಗೆಗಾಗಿ ಕಾಯುತ್ತಿದ್ದರು.

“ಮಾಡ್ಕೊಳ್ಳಿ ಅತ್ತಿಗೆ” ಎಂದೆ. ಮನಸ್ಸಿನಿಂದಲೇ ಎಂದೆ.

ಮದುವೆಗೆ ಹೋಗಿದ್ದೆ. ದೇವಸ್ಥಾನದಲ್ಲಿ ಹತ್ತಿರದ ಜನರ ನಡುವೆ ನಡೆದ ಚಿಕ್ಕ ಮದುವೆ. ಕೊನೆಯ ಪಂಕ್ತಿಯಲ್ಲಿ ಕೂತು ಊಟ ಮಾಡಿ ಬಂದೆ. ಅದಾದ ಮೇಲೆ ಫೋನುಗಳು ವಾರಕ್ಕೊಂದಾಗಿ, ತಿಂಗಳಿಗೊಂದಾಗಿ, ಹಬ್ಬಕ್ಕೊಂದಾದವು. ಅವರದು ತಪ್ಪಲ್ಲ. ಅಲ್ಲೊಂದು ಮನೆ, ಹೊಲ, ಹಾಸಿಗೆ ಹಿಡಿದ ಅಪ್ಪ. ಅಮ್ಮ ತೀರಿಕೊಂಡ ದಿನ ಅತ್ತಿಗೆ ಆ ಕಾರಿನಲ್ಲೇ ಬಂದರು. ಹಿಂದೆಲ್ಲ ಬೀದಿ ತಿರುಗುವ ಮುಂಚೆಯೇ ಅವರು ಬರುವುದು ಕೇಳಿಸುತ್ತಿತ್ತು. ಅಂದು ಬಂದದ್ದೇ ಗೊತ್ತಾಗಲಿಲ್ಲ. ತಲೆಯೆತ್ತಿದರೆ ಪಕ್ಕದಲ್ಲಿ ಕೂತಿದ್ದರು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಮಾತಾಡಿದವರು ಅತ್ತಿಗೆಯ ಯಜಮಾನರು. ಜ್ವರ ಎಂದು ಮಲಗಿದ ಅತ್ತಿಗೆ, ಆಸ್ಪತ್ರೆಗೆ ಸೇರಿಸಿದ ಮೇಲೆ ಏಳಲೇ ಇಲ್ಲವಂತೆ. ತಿಥಿಯೂ ಮುಗಿದಿತ್ತು.

“ತಡ ಆಯ್ತು, ಮನಸ್ಸಿಗೆ ಇಟ್ಕೋಬ್ಯಾಡಿ” ಎಂದರು. “ಅವಳ ಫೋನಲ್ಲಿ ನಿಮ್ಮ ನಂಬರು ಬರೀ ನಂಜನಗೂಡು ಅಂತ ಇತ್ತು. ಯಾವ್ದೋ ಅಂಗಡೀದೋ ಆಸ್ಪತ್ರೇದೋ ಅನ್ಕೊಂಡು ಬುಟ್ಬುಟ್ವಿ. ಇವತ್ತು ಸುಮ್ನೆ ಮಾಡಿ ನೋಡಣ ಅಂತ…”

ಮಾರನೆಯ ದಿನ ರಜೆ ಹಾಕಿ ಬಸ್ಸಿನಲ್ಲಿ ಹೋದೆ. ಮನೆ ದೊಡ್ಡದು, ಜನ ತುಂಬಿತ್ತು. ಜಗಲಿಯಲ್ಲಿದ್ದ ಮುದುಕಿಯೊಬ್ಬರು, “ಯಾರವ್ವ ನೀನು, ಅವ್ಳಿಗೆ ಏನಾಗ್ಬೇಕು?” ಎಂದು ಕೇಳಿದರು. ನಾದಿನಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಯಾರೋ ಇನ್ಯಾರಿಗೋ, “ನಾದ್ನಿ ಇಲ್ಲೇ ಅವ್ಳಲ್ಲ ಒಳ್ಗೆ” ಎಂದರು. ಆ ಮನೆಯ ನಾದಿನಿ, ಅತ್ತಿಗೆಯ ಯಜಮಾನರ ತಂಗಿ, ಗೋಡೆಗೆ ಒರಗಿ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ನಂಜನಗೂಡಿನಿಂದ ಬಂದೆ, ಗೊತ್ತಿದ್ದವರು, ಎಂದಷ್ಟೇ ಹೇಳಿ ಒಂದು ಮೂಲೆಯಲ್ಲಿ ಕೂತೆ.

ನಾನು ಯಾರೆಂದು ಆ ಹುಡುಗಿಗೆ ಹೇಗೋ ಗೊತ್ತಾಯಿತು. ನಾನು ಹೊರಟಾಗ ಬಸ್ ನಿಲ್ಲುವ ಮರದವರೆಗೂ ಬಂದಳು.

“ನೀವೇ ಅಲ್ವಾ ಅಕ್ಕ… ನಂಜನಗೂಡು? ಅತ್ತಿಗೆ ಒಂದೊಂದ್ಸಲ ನಂಜನಗೂಡಲ್ಲಿ ನಾವು ಹಂಗಿದ್ವಿ ಹಿಂಗಿದ್ವಿ ಅಂತ ಶುರು ಮಾಡೋರು. ಆಮೇಲೆ ಸುಮ್ನಾಗ್ಬುಡೋರು. ನಂಗೆ ಅವ್ರು ಸಿಕ್ಕಿದ್ದು ಒಸಿ ದಿನ ಅಷ್ಟೆ. ಯೋಳಿ ಅಕ್ಕ, ಅಲ್ಲಿ ಹೆಂಗಿದ್ರು ಅವ್ರು?”

ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತೆ. ಅವಳು ಮರದ ಕೆಳಗೆ ಕೈ ಎತ್ತಿ ನಿಂತಿದ್ದಳು.

ಅದಾದ ಮೇಲೆ ಅವಳು ಒಂದೆರಡು ಸಲ ಫೋನ್ ಮಾಡಿದ್ದಾಳೆ. ಊಟ ಆಯ್ತಾ, ಮಳೆ ಬಂತಾ ಎಂದು ಮಾತಾಡಿ ಇಟ್ಟಿದ್ದೇವೆ. ಇಬ್ಬರೂ ಅತ್ತಿಗೆ ಎನ್ನುತ್ತೇವೆ, ಆಮೇಲೆ ಇಬ್ಬರಿಗೂ ಮಾತು ಮುಂದೆ ಹೋಗುವುದಿಲ್ಲ. ಈಗ ಈ ಮನೆಯಲ್ಲಿ ಅಣ್ಣನಿಲ್ಲ, ಅಮ್ಮನಿಲ್ಲ. ಅತ್ತಿಗೆ ಹೇಗಿದ್ದರು ಎಂದು ಬಲ್ಲವಳು ನಾನೊಬ್ಬಳೇ. ಇದಿಷ್ಟನ್ನು ಬರೆದದ್ದು ಆ ಹುಡುಗಿಗಾಗಿ. ಆದರೆ ಓದಿ ನೋಡಿದರೆ ಇದರಲ್ಲಿ ಅವರು ಮಾಡಿದ್ದು, ಹೇಳಿದ್ದು ಮಾತ್ರ ಇದೆ. ಪಕ್ಕದಲ್ಲಿ ಅವರು ಸುಮ್ಮನೆ ಇರುತ್ತಿದ್ದಾಗ ಹೇಗಿರುತ್ತಿತ್ತು ಎನ್ನುವುದು ಎಲ್ಲೂ ಬಂದಿಲ್ಲ. ಅವಳು ಕೇಳಿದ್ದು ಅದನ್ನೇ ಇರಬೇಕು…